ಕರಾರಿಗೆ ಹಲ್ಲಿಯ ಸಾಕ್ಷಿ

ಕೆಲವರಿಗೆ ಕತ್ತಲೆಂದರೆ ಭಯ, ಕೆಲವರಿಗೆ ನಾಯಿಯೆಂದರೆ ಭಯ. ನನಗೆ ‘ಹಿಯರಿನಾಫ್ಟರ್’ ಎಂದರೆ ಭಯ. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ, ಏಕೆಂದರೆ ಈ ಪದವನ್ನು ಕಾಗದದ ಮೇಲೆ ಹಾಕಿಯೇ ನಾನು ಹೊಟ್ಟೆ ಹೊರೆದುಕೊಳ್ಳುತ್ತಿರುವುದು. ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಹೊಸದಾಗಿ ಸೇರುವವರಿಗೆ ನೇಮಕಾತಿ ಪತ್ರ, ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನವರಿಗೆ ಕರಾರು ಪತ್ರ, ಇವುಗಳ ತಯಾರಿ ನನ್ನದು. ತಯಾರಿ ಎಂದರೆ ಹಳೆಯ ಪತ್ರದಲ್ಲಿ ಹಳೆಯ ಹೆಸರು ಅಳಿಸಿ ಹೊಸ ಹೆಸರು ಹಾಕುವುದು, ಅಷ್ಟೆ. ಉಳಿದ ಇಂಗ್ಲಿಷನ್ನು ಯಾರು ಬರೆದರೋ ಯಾವ ಕಾಲದಲ್ಲಿ ಬರೆದರೋ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಸೇರುವಾಗಲೇ ಅದು ಅಲ್ಲಿತ್ತು, ನಾನು ಹೋದಮೇಲೂ ಇರುತ್ತದೆ.

ಬೇಕಾದರೆ ನೀವೇ ಒಂದು ಮಧ್ಯಾಹ್ನ ಊಟವಾದ ಮೇಲೆ ಒಬ್ಬರೇ ಕೂತು ಒಂದು ಕರಾರು ಪತ್ರವನ್ನು ಪೂರ್ತಿ ಓದಿ ನೋಡಿ. ಮೈ ಜುಮ್ಮೆನ್ನದಿದ್ದರೆ ಕೇಳಿ. ಅದರೊಳಗೆ ಸಹಿ ಹಾಕುವ ಇಬ್ಬರೇ ಇರುತ್ತಾರೆಂದುಕೊಂಡಿದ್ದೀರಾ? ‘ಸಕ್ಸೆಸರ್ಸ್’ ಎಂಬ ಹೆಸರಿನಲ್ಲಿ ಇನ್ನೂ ಹುಟ್ಟದವರೆಲ್ಲ ಬಂದು ಹಿಂದೆ ಸಾಲಾಗಿ ನಿಂತಿರುತ್ತಾರೆ. ‘ಡೀಮ್ಡ್’ ಎಂಬ ಮಾತು ಬಂತೋ, ಆಗದೇ ಇದ್ದದ್ದು ಆಗಿಹೋಗುತ್ತದೆ. ನೋಟಿಸು ನಿಮ್ಮ ಕೈಗೆ ಬಂದಿರುವುದಿಲ್ಲ, ಆದರೆ ಬಂದಿದೆಯೆಂದು ಲೆಕ್ಕ. ನೀವು ಒಪ್ಪಿರುವುದಿಲ್ಲ, ಆದರೆ ಒಪ್ಪಿದ್ದೀರೆಂದು ಲೆಕ್ಕ. ಎಲ್ಲಕ್ಕಿಂತ ಭಯಂಕರವಾದದ್ದು ಕೊನೆಯ ಪುಟದಲ್ಲಿ ಕೂತಿರುತ್ತದೆ. ಕರಾರು ಸತ್ತಮೇಲೂ ಅದರ ಕೆಲವು ಕಲಮುಗಳು ಬದುಕಿರುತ್ತವೆ, ‘ಸರ್ವೈವ್’ ಆಗುತ್ತವೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ನಮ್ಮ ಕಡೆ ಸತ್ತವರು ಹೀಗೆ ಓಡಾಡಿಕೊಂಡಿದ್ದರೆ ಮಂತ್ರ ಹಾಕುವವನನ್ನು ಕರೆಸುತ್ತೇವೆ. ಕಂಪನಿಯವರು ಅದರ ಕೆಳಗೇ ಸಹಿ ಹಾಕಿ ಮೊಹರು ಒತ್ತುತ್ತಾರೆ.

ನಮ್ಮದು ತಲೆತಲಾಂತರದಿಂದ ಈ ಸೀಮೆಯಲ್ಲಿ ನೆಲೆಸಿದ ಕನ್ನಡದ ಕುಟುಂಬ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಆ ಕನ್ನಡವೂ ಮೈಸೂರಿನವರು ಕೇಳಿದರೆ ತಮಿಳೆಂದುಕೊಳ್ಳುವಂಥದ್ದು. ಪ್ರತಿ ಮಾತಿನ ಬಾಲಕ್ಕೂ ಕೊಂಗುನಾಡಿನ ಮರ್ಯಾದೆಯ ‘ಂಗ’ ಅಂಟಿಕೊಂಡಿರುತ್ತದೆ. ಅಪ್ಪ ಹಟ ಹಿಡಿದು ಕಲಿಸಿದ್ದರಿಂದ ನನಗೆ ಕನ್ನಡ ಅಕ್ಷರ ಬರುತ್ತದೆ, ನೆಂಟರಲ್ಲಿ ಹೆಚ್ಚಿನವರಿಗೆ ಬಾರದು. ಇವನಿಗೆ ಆ ಅಕ್ಷರ ಬರುತ್ತದೆಂದಮೇಲೆ ಎಲ್ಲ ಅಕ್ಷರವೂ ಬರುತ್ತದೆ ಎಂಬ ನಂಬಿಕೆ ಅದು ಹೇಗೋ ಹರಡಿಬಿಟ್ಟಿದೆ. ಸೋಮನೂರಿನಲ್ಲಿ ಮಗ್ಗದ ಷೆಡ್ಡು ನಡೆಸುವ ನನ್ನ ಷಡ್ಡಕನಿಂದ ಹಿಡಿದು ಯಾರ ಕೈಗೆ ಇಂಗ್ಲಿಷ್ ಕಾಗದ ಬಂದರೂ ಅದು ಮೊದಲು ನಮ್ಮ ಮನೆಗೆ ಬರುತ್ತದೆ. ನಾನು ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಓದಿ, ಅರ್ಥವಾದ ಕಡೆ ವಿಸ್ತಾರವಾಗಿ ಹೇಳಿ, ಅರ್ಥವಾಗದ ಕಡೆ ‘ಇದೆಲ್ಲ ಫಾರ್ಮಾಲಿಟಿ’ ಎನ್ನುತ್ತೇನೆ. ಇಂಗ್ಲಿಷಿನಲ್ಲಿ ಇಷ್ಟು ಉಪಕಾರಿಯಾದ ಪದ ಇನ್ನೊಂದಿಲ್ಲ. ಬಂದವರು ಸಮಾಧಾನದಿಂದ ಕಾಫಿ ಕುಡಿದು ಹೋಗುತ್ತಾರೆ. ನನ್ನ ಹೆಂಡತಿ ಸರಸು ಮಾತ್ರ ಅಡುಗೆಮನೆಯಿಂದ ಇಣುಕಿ, ಮೂಗಿನಲ್ಲೇ ನಕ್ಕು ಒಳಗೆ ಹೋಗುತ್ತಾಳೆ. ಅವಳಿಗೆ ಸೇರದ ವಸ್ತುಗಳು ಎರಡು: ಹಲ್ಲಿ ಮತ್ತು ನನ್ನ ಇಂಗ್ಲಿಷು. ಹಲ್ಲಿ ಬಾರದಿರಲೆಂದು ಮನೆಯ ಮೂಲೆಮೂಲೆಗೂ ನವಿಲುಗರಿ ಸಿಕ್ಕಿಸಿದ್ದಾಳೆ. ಹಲ್ಲಿಗಳು ನಿಜಕ್ಕೂ ಬರುವುದನ್ನು ಬಿಟ್ಟಿವೆ. ನನ್ನ ಇಂಗ್ಲಿಷಿಗೆ ಅಂಥ ಮದ್ದು ಇನ್ನೂ ಸಿಕ್ಕಿಲ್ಲ.

ಈ ಖ್ಯಾತಿಯೇ ನನ್ನನ್ನು ಕಾಂಗೇಯಕ್ಕೆ ಎಳೆದುಕೊಂಡು ಹೋದದ್ದು. ಅಲ್ಲಿ ನನ್ನ ಸೋದರಮಾವನದು ಒಂದು ಎಣ್ಣೆ ಮಿಲ್ಲಿದೆ. ಮಿಲ್ಲೆಂದರೆ ದೊಡ್ಡದೇನಲ್ಲ, ಮುಂದೆ ಕೊಬ್ಬರಿ ಒಣಗಿಸುವ ಕಳ, ಹಿಂದೆ ಎಣ್ಣೆ ತೆಗೆಯುವ ಯಂತ್ರ, ನಡುವೆ ಆಫೀಸು ಎಂದು ಕರೆಯಲ್ಪಡುವ ಒಂದು ಕೋಣೆ. ಎಣ್ಣೆಯ ಹೆಸರು ‘ರಂಗಮ್ಮಾಳ್’. ಅದು ನನ್ನ ಅತ್ತೆಯ, ಅಂದರೆ ಮಾವನ ಹೆಂಡತಿಯ ಹೆಸರು. ಅತ್ತೆ ಈಗಿಲ್ಲ. ಇದ್ದ ಕಾಲದಲ್ಲಿ ವ್ಯಾಪಾರಿಗಳು ಬಂದರೆ ಆಫೀಸಿನ ಬಾಗಿಲ ಪಕ್ಕ ಹುಣಸೆಹಣ್ಣು ಬಿಡಿಸುತ್ತ ಕೂರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಮಾವ ವ್ಯಾಪಾರದ ಮಾತನ್ನೆಲ್ಲ ಮನೆಗನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಬೇಕು, ಅವಳಿಗೆ ನಿಜವೆಂದು ತೋರಿದರೆ ನಾಲಗೆಯಲ್ಲಿ ‘ಲೊಚ್’ ಎನ್ನಬೇಕು, ಆಮೇಲೆ ಮಾತು ಮುಗಿಯಬೇಕು. ಲೊಚ್ ಕೇಳಿಸದಿದ್ದರೆ ಮಾವ ವ್ಯಾಪಾರಿಗೆ, “ನಾಳೆ ನೋಡಾಣುಂಗ” ಎಂದು ಹೇಳಿ ಎದ್ದುಬಿಡುತ್ತಿದ್ದ. ಆ ನಾಳೆ ಬರುತ್ತಿರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಅವಳ ಪಟವನ್ನು ಅದೇ ಬಾಗಿಲ ಮೇಲೆ ತೂಗುಹಾಕಿದರು. ಪಟದ ಹಿಂದೆ ಒಂದು ಹಲ್ಲಿ ಸೇರಿಕೊಂಡಿತು. ಸೇರಿಕೊಂಡಿತು ಎಂದು ನಾವೆಲ್ಲ ಹೇಳುತ್ತೇವೆ; ನೋಡಿದವರು ಯಾರೂ ಇಲ್ಲ. ಮಾವ ಎಂದಿನಂತೆ ವ್ಯಾಪಾರದ ಮಾತನ್ನು ಕನ್ನಡದಲ್ಲಿ ಹೇಳಿ ಸುಮ್ಮನೆ ಕೂರುತ್ತಿದ್ದ, ಪಟದ ಹಿಂದಿನಿಂದ ‘ಲೊಚ್ ಲೊಚ್’ ಎಂದು ಬರುತ್ತಿತ್ತು, ಮಾವ ಮೇಜಿನ ಮೇಲೆ ಬೆರಳು ತಟ್ಟಿ ‘ಕೃಷ್ಣ ಕೃಷ್ಣ’ ಎಂದು ಸಹಿ ಹಾಕುತ್ತಿದ್ದ. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಅದು ನಿಜವೆಂದು ಯಾರು ನಂಬುವುದಿಲ್ಲ ಹೇಳಿ. ಅಲ್ಲಿನ ವ್ಯಾಪಾರಿಗಳೂ ಅದಕ್ಕೆ ಒಗ್ಗಿಹೋಗಿದ್ದರು. ನಾನೂ ಒಂದೆರಡು ಸಲ ಕೇಳಿ ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಾಗೆ ಹೇಳಿಕೊಂಡಾಗ ಹಲ್ಲಿ ಏನೂ ಅನ್ನಲಿಲ್ಲ.

ಈಗ ಬಂದದ್ದು ಸ್ಥಳೀಯ ವ್ಯಾಪಾರಿಯಲ್ಲ, ತಲೆಗೆ ಹಚ್ಚುವ ಎಣ್ಣೆಯ ಒಂದು ದೊಡ್ಡ ಕಂಪನಿ. ಮಾವನ ಎಣ್ಣೆಯನ್ನೆಲ್ಲ ತಾನೇ ಕೊಳ್ಳುತ್ತೇನೆ, ಮುಂಗಡವಾಗಿ ದೊಡ್ಡ ಮೊತ್ತ ಕೊಡುತ್ತೇನೆ ಎಂದಿತ್ತು. ಮಿಲ್ಲನ್ನು ಈಗ ನಡೆಸುತ್ತಿರುವವಳು ಮಾವನ ಮಗಳು ಭಾರತಿ. ಹಳೆಯ ಯಂತ್ರ ವಾರಕ್ಕೊಮ್ಮೆ ಕೆಟ್ಟು ನಿಲ್ಲುತ್ತದೆ, ಅದರ ಹೊಟ್ಟೆಗೆ ಕೈ ಹಾಕಿ ರಿಪೇರಿ ಮಾಡಿ ಮಾಡಿ ಅವಳ ಮೊಣಕೈವರೆಗೆ ಸುಟ್ಟ ಕಲೆಗಳಿವೆ. ಮುಂಗಡ ಬಂದರೆ ಹೊಸ ಯಂತ್ರ. ಅವಳು ಫೋನಿನಲ್ಲಿ ನನಗೆ, “ಭಾವಾ, ಅಪ್ಪ ಇಂಗ್ಲೀಷ್ ಪೇಪರ್ನ ಅಮ್ಮನ ಮುಂದೆ ಕನ್ನಡದಾಗೆ ಓದಿ ಸೊಲ್ಲುದ್ರೇನೇ ಕೈಯೆಳ್ತು ಅಂತದೆ. ನೀವೇ ಬಂದು ಓದ್ಬೇಕುಂಗ. ತೊಂದ್ರೆ ಇಲ್ದಂಗೆ ಓದಿಂಗ” ಎಂದಳು. ಕೈಯೆಳ್ತೆಂದರೆ ಸಹಿ. ತೊಂದರೆಯಿಲ್ಲದಂತೆ ಓದುವುದೇ ನನ್ನ ಕಸುಬಾದ್ದರಿಂದ ಧೈರ್ಯವಾಗಿ ಕೊಯಮತ್ತೂರಿನ ಸಿಂಗಾನಲ್ಲೂರು ನಿಲ್ದಾಣದಲ್ಲಿ ಬಸ್ಸು ಹತ್ತಿದೆ.

ನಾನು ಹೋದಾಗ ಉರಿಬಿಸಿಲು. ಕಳದ ತುಂಬ ಸಾವಿರಾರು ತೆಂಗಿನ ಹೋಳುಗಳು ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ಮಲಗಿದ್ದವು. ಕಂಪನಿಯ ಕಡೆಯಿಂದ ಬಂದಿದ್ದ ಅಧಿಕಾರಿ ಪ್ರಸನ್ನ ಎಂಬವರು, ದಾವಣಗೆರೆ ಕಡೆಯವರು, ಅಚ್ಚ ಕನ್ನಡ ಮಾತಾಡುವವರು. ಅವರ ಕನ್ನಡ ಕೇಳಿ ಮಾವನಿಗೆ ಎಷ್ಟು ಸಂತೋಷವಾಯಿತೆಂದರೆ, ಒಂದು ಮಾತೂ ಅರ್ಥವಾಗದೆ, “ರೇಡಿಯೋ ಕೇಳ್ದಂಗದೆ” ಎಂದು ನನ್ನ ಕಿವಿಯಲ್ಲಿ ಹೇಳಿದ. ನಾವು ನಾಲ್ವರೂ ಆಫೀಸಿನ ಕೋಣೆಯಲ್ಲಿ ಮೇಜಿನ ಸುತ್ತ ಕೂತೆವು. ನಾನು ಕನ್ನಡಕ ಏರಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಹಿಂದೆ ಗಡಗಡಿಸುತ್ತಿದ್ದ ಯಂತ್ರ ನಿಂತಿತು, ಫ್ಯಾನು ನಿಂತಿತು. ಹಾಡುಹಗಲಿನಲ್ಲಿ ಅಷ್ಟು ಮೌನವನ್ನು ನಾನು ಎಲ್ಲೂ ಕೇಳಿರಲಿಲ್ಲ. ಪಟದೊಳಗೆ ಅತ್ತೆ ತಲೆ ಬಾಗಿಸಿಕೊಂಡಿದ್ದಳು. ಫೋಟೋ ತೆಗೆಯುವಾಗಲೂ ಹುಣಸೆಹಣ್ಣು ಬಿಡಿಸುತ್ತಿದ್ದಳೋ ಏನೋ.

ಮೊದಲಿನ ಕಲಮುಗಳು ಸಲೀಸಾಗಿ ಹೋದವು. “ಎಣ್ಣೇನ ನಾವು ಒಯ್ಯಬೇಕಾಗಿಲ್ಲ, ಅವರ ವಂಡಿಯೇ ಬಾಗ್ಲಿಗೆ ಬತ್ತದೆ” ಎಂದೆ. ಪಟದ ಹಿಂದೆ ‘ಲೊಚ್ ಲೊಚ್’. ಮಾವ ಬೆರಳು ತಟ್ಟಿದ. “ಎಣ್ಣೆ ಕೆಟ್ಟು ವಾಸನೆ ಬಂದಿದ್ರೆ ವಾಪಸ್ ಕಳಿಸ್ತಾರೆ” ಎಂದೆ. ‘ಲೊಚ್.’ ಪ್ರಸನ್ನ ಅವರು ನಕ್ಕರು, ಪಟದ ಕಡೆ ನೋಡಿದರು, ಮತ್ತೆ ನಕ್ಕರು. ಎರಡನೆಯ ನಗು ಸ್ವಲ್ಪ ಚಿಕ್ಕದಿತ್ತು. ಆಮೇಲೆ ಬಂತು ‘ಇಂಡೆಮ್ನಿಫೈ’. ಈ ಪದವನ್ನು ನಾನು ನೂರಾರು ಜನರ ಕಾಗದಗಳಲ್ಲಿ ಹಾಕಿದ್ದೇನೆ, ಇದುವರೆಗೆ ಮುಖಾಮುಖಿ ಮಾತಾಡಿರಲಿಲ್ಲ. ಅಭ್ಯಾಸದ ಮೇಲೆ, “ಇದೆಲ್ಲ ಫಾರ್ಮಾಲಿಟಿ ಮಾಮ” ಎಂದೆ.

ಪಟದ ಹಿಂದೆ ಸದ್ದಿಲ್ಲ. ಮಾವ ಬೆರಳನ್ನು ಮೇಜಿನ ಮೇಲೆತ್ತಿ ಹಿಡಿದೇ ಕಾದ. “ಅಂದರೆ, ಒಬ್ಬರಿಗೊಬ್ಬರು ಒತ್ತಾಸೆಯಾಗಿ ಚೆಂದಾಗಿರ್ಬೇಕು ಅಂತ” ಎಂದೆ. ಸದ್ದಿಲ್ಲ. ನನ್ನ ಬೆನ್ನಿನಲ್ಲಿ ಬೆವರು ಇಳಿಯತೊಡಗಿತು. ಕರೆಂಟಿಲ್ಲದ್ದಕ್ಕೆ ಎಂದುಕೊಂಡೆ. ಪ್ರಸನ್ನ ಅವರು ನನ್ನ ಸಹಾಯಕ್ಕೆ ಬಂದು, “ಯಾವುದೇ ಮೂರನೆಯ ಪಕ್ಷದವರಿಂದ ಉದ್ಭವಿಸುವ ಕ್ಲೇಮುಗಳಿಗೆ ಸರಬರಾಜುದಾರರು ನಷ್ಟಭರ್ತಿ ಮಾಡಿಕೊಡತಕ್ಕದ್ದು” ಎಂದು ಸೊಗಸಾದ ಕನ್ನಡದಲ್ಲಿ ಹೇಳಿದರು. ಅದಕ್ಕೂ ಸದ್ದಿಲ್ಲ. ಅಚ್ಚ ಕನ್ನಡವೂ ಅತ್ತೆಗೆ ಹಿಡಿಸಲಿಲ್ಲವೆಂದು ಒಳಗೊಳಗೇ ನನಗೊಂದು ಅಲ್ಪತೃಪ್ತಿಯಾಯಿತು. ಆಗ ಭಾರತಿ ಬೇಸತ್ತು, “ಎಣ್ಣೆ ಹಚ್ಚಿ ಯಾರ್ದಾದ್ರೂ ತಲೆ ಹುಣ್ಣಾಗಿ ಕೇಸು ಹಾಕುದ್ರೆ, ಕಾಸು ನಾವು ಕಟ್ಬೇಕು. ಅಷ್ಟು ತಾನೇ ಸಾರ್?” ಎಂದು ಕೇಳಿದಳು. ಪ್ರಸನ್ನ ತಲೆಯಾಡಿಸಿದರು. ‘ಲೊಚ್ ಲೊಚ್ ಲೊಚ್.’

ಹಲ್ಲಿಗೆ ಕನ್ನಡ ಬರುತ್ತದೆ ಎಂದಾದರೆ ಒಪ್ಪಬಹುದಿತ್ತು. ಅದಕ್ಕೆ ನಾನು ಯಾವಾಗ ಬುರುಡೆ ಬಿಡುತ್ತಿದ್ದೇನೆಂಬುದು ಗೊತ್ತಾಗುತ್ತದೆ ಎಂಬುದು ಬೇರೆಯೇ ವಿಷಯ. ನನ್ನ ಹೆಂಡತಿಯ ನಂತರ ಆ ಸಾಮರ್ಥ್ಯವನ್ನು ನಾನು ಕಂಡದ್ದು ಅಲ್ಲಿಯೇ. ಅಲ್ಲಿಂದ ಮುಂದೆ ಗೊತ್ತಿಲ್ಲದ್ದನ್ನೆಲ್ಲ ಪ್ರಸನ್ನ ಅವರನ್ನು ಕೇಳಿ, ತಿಳಿದುಕೊಂಡು, ಮಗುವಿಗೆ ಹೇಳುವಂತೆ ಹೇಳಿದೆ. ನಾನು ಯಾರಿಗೆ ಹೇಳುತ್ತಿದ್ದೇನೆ ಎಂಬ ಬಗ್ಗೆ ಯೋಚಿಸಲಿಲ್ಲ. ಆದರೆ ನನ್ನ ಕತ್ತು ಮಾತ್ರ ಮಾವನ ಕಡೆ ತಿರುಗುವ ಬದಲು ಪಟದ ಕಡೆಗೇ ತಿರುಗುತ್ತಿತ್ತು.

ಹೆಸರಿನ ಕಲಮು ಬಂದದ್ದು ಕೊನೆಗೆ. ‘ಇರ್‌ರಿವೊಕಬ್ಲಿ’, ‘ಇನ್ ಪರ್ಪೆಚ್ಯುಯಿಟಿ’. ಇದು ನನಗೆ ಅರ್ಥವಾಗುವ ಇಂಗ್ಲಿಷೇ ಆಗಿತ್ತು. ಅರ್ಥವಾಯಿತೆಂದೇ ತಲೆಯೆತ್ತಿ ಭಾರತಿಯನ್ನು ನೋಡಿದೆ. ಅವಳು ಸುಟ್ಟ ಕಲೆಗಳ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳಿಗಾಗಿ, “ಎಣ್ಣೆ ಹೆಸರನ್ನ ಅವರೂ ಹಾಕ್ಕೊಂತಾರಂತೆ ಮಾಮ” ಎಂದೆ. ಸದ್ದಿಲ್ಲ. “ಅವರ ಡಬ್ಬಿ ಮೇಲೆ ಅತ್ತೆ ಹೆಸರು ಬತ್ತದೆ, ಒಳ್ಳೇದೇ ಅಲ್ವಾ” ಎಂದೆ. ಸದ್ದಿಲ್ಲ. ಹೊರಗೆ ಕಳದಲ್ಲಿ ಬಿಸಿಲಿಗೆ ಒಂದು ಚಿಪ್ಪು ಟಪ್ಪೆಂದು ಸಿಡಿದಾಗ ಪ್ರಸನ್ನ ಅವರು ಕುರ್ಚಿಯಿಂದ ಅರ್ಧ ಎದ್ದರು.

“ಇನ್ನೊಂದ್ಸಲ ಹೇಳು ಮಾಪ್ಳೆ” ಎಂದ ಮಾವ. ನಮ್ಮ ಕಡೆ ಅಕ್ಕನ ಮಗನಿಗೆ ಮದುವೆಯಾಗಿ ತಲೆ ನರೆತರೂ ಸೋದರಮಾವನ ಬಾಯಲ್ಲಿ ಅವನು ಮಾಪ್ಳೆಯೇ, ಅಂದರೆ ಅಳಿಯನೇ. ಆ ಒಂದು ಕರೆ ನನ್ನನ್ನು ಸಣ್ಣವನನ್ನಾಗಿ ಮಾಡಿಬಿಟ್ಟಿತು. ನಾನು ಕನ್ನಡಕ ತೆಗೆದೆ. “ಮಾಮ, ಹೆಸರು ಇನ್ನು ಮ್ಯಾಲೆ ಅವರ್ದು. ನೀವು ನಿಮ್ಮ ಡಬ್ಬಿ ಮ್ಯಾಲೆ ರಂಗಮ್ಮಾಳ್ ಅಂತ ಬರೆಯಂಗಿಲ್ಲ. ಭಾರತಿ ಬರೆಯಂಗಿಲ್ಲ, ಅವಳ ಮಕ್ಕಳು ಬರೆಯಂಗಿಲ್ಲ. ನಾಳೆ ಅವರು ನಮ್ಮ ಎಣ್ಣೆ ವೇಣ್ಡಾ ಅಂತ ಹೋದ್ರೂ, ಹೆಸರು ವಾಪಸ್ ಬರಲ್ಲ” ಎಂದೆ.

ಮಾತು ಮುಗಿಯುವ ಮೊದಲೇ ಬಂತು. ‘ಲೊಚ್ ಲೊಚ್ ಲೊಚ್ ಲೊಚ್’. ಇಡೀ ಕೋಣೆಗೆ ಕೇಳಿಸುವಷ್ಟು ಗಟ್ಟಿಯಾಗಿ. ಮೇಜಿನ ಮೇಲೆ ಬೆರಳು ತಟ್ಟಿದ ಸದ್ದು ಕೇಳಿ ಮಾವನದೆಂದುಕೊಂಡೆ. ನೋಡಿದರೆ ಪ್ರಸನ್ನ ಅವರು. ‘ಕೃಷ್ಣ ಕೃಷ್ಣ’ ಎಂದು ಅವರ ತುಟಿ ತಾನೇ ತಾನಾಗಿ ಅಲ್ಲಾಡುತ್ತಿತ್ತು.

ಮಾವ ಕಾಗದವನ್ನು ಮೇಜಿನಾಚೆಗೆ ಸರಿಸಿದ. ಆಮೇಲೆ ಪ್ರಸನ್ನ ಅವರ ಕಡೆ ತಿರುಗಿ, “ಎಣ್ಣೆ ಎಷ್ಟು ಬೇಕೋ ಅಷ್ಟು ತಕ್ಕೊಂಡು ಹೋಗಿಂಗ. ಅವಳ್ನ ಸುಡುಗಾಡಿಗೆ ಕೊಟ್ಟಾಗೋಯ್ತು. ಹೆಸರು ಒಂದು ಮನ್ಯಾಗೆ ಉಳ್ಕೊಂಡದೆ. ಅದನ್ನೂ ಕೈಯೆಳ್ತು ಹಾಕಿ ಕಳ್ಸು ಅಂದ್ರೆ ಹೆಂಗುಂಗ?” ಎಂದ. ಭಾರತಿ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಹೊಸ ಯಂತ್ರ ಕೈತಪ್ಪಿದ್ದಕ್ಕೆ ಅಳುತ್ತಿದ್ದಳೋ ಅಮ್ಮನ ನೆನಪಿಗೆ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಎರಡಕ್ಕೂ ಇರಬೇಕು.

ಪ್ರಸನ್ನ ಅವರು ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ಮೆಲ್ಲಗೆ, “ಸರ್, ಆ ಹಲ್ಲಿಯನ್ನು ಒಮ್ಮೆ ನೋಡಬಹುದಾ?” ಎಂದರು. ವಿದ್ಯಾವಂತರು, ಹಲ್ಲಿ ಕಂಡರೆ ನೆಮ್ಮದಿಯಾಗುತ್ತದೆಂದು ಕೇಳಿದರು. ನನಗೂ ಅದೇ ನೆಮ್ಮದಿ ಬೇಕಾಗಿತ್ತು. ಸ್ಟೂಲು ಹತ್ತಿ ಪಟವನ್ನು ಗೋಡೆಯಿಂದ ಇಳಿಸಿದೆ. ಹಿಂದೆ ಒಂದು ಮೊಳೆ, ಬಣ್ಣ ಮಾಸದೆ ಉಳಿದ ಗೋಡೆಯ ಒಂದು ಚೌಕ. ಹಲ್ಲಿ ಇರಲಿಲ್ಲ. ಹಲ್ಲಿ ಅವಿತುಕೊಳ್ಳುವಂಥ ಬಿರುಕಿರಲಿಲ್ಲ, ಜೇಡರ ಬಲೆಯಿರಲಿಲ್ಲ, ಹಲ್ಲಿ ಇದ್ದ ಕಡೆ ಇರಲೇಬೇಕಾದ ಹಿಕ್ಕೆಯೂ ಇರಲಿಲ್ಲ. ಹಲ್ಲಿಗಳು ಬಲು ಚುರುಕು, ನಾವು ಸ್ಟೂಲು ಎಳೆಯುವಾಗಲೇ ಓಡಿರುತ್ತದೆ ಎಂದು ಪ್ರಸನ್ನ ಅವರಿಗೆ ಹೇಳಿದೆ. ಅವರು ಹೌದು ಹೌದು ಎಂದರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಮಾವ ಕೂತಲ್ಲಿಂದಲೇ, “ಪಟ ನೇರಾ ಹಾಕು ಮಾಪ್ಳೆ. ಓರೆ ಇದ್ರೆ ಅವಳ್ಗೆ ಆಗಲ್ಲ” ಎಂದ.

ಕಂಪನಿ ಆಮೇಲೆ ಹೆಸರಿಲ್ಲದೆ ಬರೀ ಎಣ್ಣೆ ಕೊಳ್ಳಲು ಒಪ್ಪಿತು, ಮುಂಗಡದ ಮಾತು ಮಾತ್ರ ಬಿದ್ದುಹೋಯಿತು. ಭಾರತಿ ಯಾರೋ ಬಳಸಿ ಬಿಟ್ಟಿದ್ದ ಒಂದು ಯಂತ್ರವನ್ನು ತಂದು ಹಾಕಿಸಿದಳು; ಅದೂ ಕೆಡುತ್ತದಂತೆ, ಹಳೆಯದರಷ್ಟು ಅಲ್ಲವಂತೆ. ಕೆಲವು ಕಾಲ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೊನ್ನೆ ಫೋನು ಮಾಡಿದವಳು, “ಭಾವಾ, ಈಗ ಅಪ್ಪ ಆಪೀಸ್ಗೆ ಬರೋದು ಕಮ್ಮಿ. ವ್ಯಾಪಾರ ಮಾತಾಡ್ಬೇಕಾದ್ರೆ ನಾನೇ ಗಟ್ಟಿಯಾಗಿ ಸೊಲ್ಲಿ ಕೂತ್ಕೊಂತೀನುಂಗ” ಎಂದಳು. ಬರುತ್ತದಾ ಎಂದು ಕೇಳಿದೆ. “ನಿಜ ಹೇಳುದ್ರೆ ಬತ್ತದೆ” ಎಂದು ಫೋನಿಟ್ಟಳು.

ನನ್ನ ಪಾಡು ಕೇಳಿ. ಕಾಂಗೇಯದಿಂದ ಬಂದಮೇಲೆ ಆಫೀಸಿನಲ್ಲಿ ನೇಮಕಾತಿ ಪತ್ರ ಕೊಡುವಾಗ ಎದುರಿಗೆ ಕೂತ ಮಕ್ಕಳಿಗೆ ಒಂದೊಂದು ಕಲಮನ್ನೂ ಬಿಡಿಸಿ ಹೇಳತೊಡಗಿದೆ. ‘ಸೋಲ್ ಡಿಸ್ಕ್ರೆಷನ್’ ಎಂದರೆ ಕಂಪನಿ ಮನಸ್ಸಿಗೆ ಬಂದದ್ದು ಮಾಡುತ್ತದೆ, ನೀನು ಯಾಕೆ ಎನ್ನುವಂತಿಲ್ಲ ಎಂದೆಲ್ಲ ಹೇಳಿದರೆ ಕೆಲವರು ನೀರು ಕುಡಿದು ಬರುತ್ತೇವೆಂದು ಎದ್ದುಹೋದವರು ಬರಲೇ ಇಲ್ಲ. ಮ್ಯಾನೇಜರು ನನ್ನನ್ನು ಕರೆಸಿ, ನಿಮಗೆ ವಿಶ್ರಾಂತಿ ಬೇಕೇನೋ ಎಂದರು. ಸದ್ಯದಲ್ಲೇ ನನ್ನ ನಿವೃತ್ತಿ. ಹಾಗಿದ್ದರೂ ದೊಡ್ಡ ಮನಸ್ಸು ಮಾಡಿ ಸೇವೆ ಮುಂದುವರಿಸಲು ಒಂದು ಕರಾರು ಪತ್ರ ಕೊಟ್ಟರು. ನೋಡಿದೊಡನೆ ಗುರುತು ಹತ್ತಿತು. ನಾನೇ ಇಷ್ಟು ವರ್ಷ ಎಲ್ಲರಿಗೂ ಕೊಡುತ್ತಿದ್ದ ಅದೇ ಕಾಗದ. ಯಾರದೋ ಹೆಸರು ಅಳಿಸಿ ಈಗ ನನ್ನ ಹೆಸರು ಹಾಕಿದ್ದರು.

ಭಾನುವಾರ ಸಂಜೆ, ಕಾಫಿಯಾದ ಮೇಲೆ, ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತೆ. ಕೊನೆಯ ಸಾಲು ಎಂದಿನಂತೆ ಇತ್ತು: ಮೇಲಿನದೆಲ್ಲವನ್ನೂ ಓದಿ, ಅರ್ಥಮಾಡಿಕೊಂಡು, ಒಪ್ಪಿದ್ದೇನೆ. ಪೆನ್ನಿನ ಮುಚ್ಚಳ ತೆಗೆದೆ. ಸರಸು ಬಟ್ಟೆ ಮಡಚುತ್ತ, “ಪೂರ್ತಿ ಓದಿದ್ರಾ?” ಎಂದಳು. ಓದಿದೆ ಎಂದೆ. “ಅರ್ಥ ಆಯ್ತುಂಗಳಾ?” ಎಂದಳು. ಇಷ್ಟು ವರ್ಷದ ಅನುಭವ, ಆಗದೆ ಏನು, ಅಲ್ಲಲ್ಲಿ ಒಂದಿಷ್ಟು ಫಾರ್ಮಾಲಿಟಿ ಇದೆ ಅಷ್ಟೆ ಎಂದೆ. ಅವಳು ಮಡಚಿದ ಸೀರೆಯನ್ನು ಕುರ್ಚಿಯ ಮೇಲಿಟ್ಟು, “ಸುಮ್ನಿರಿಂಗ. ನಿಮ್ಗೆ ಒಂದಕ್ಷರಾನೂ ಅರ್ಥ ಆಗಿಲ್ಲ” ಎಂದಳು.

‘ಲೊಚ್ ಲೊಚ್ ಲೊಚ್.’

ಸರಸು ಗೋಡೆ ನೋಡಿದಳು. ನಾನೂ ನೋಡಿದೆ. ಹೊಸದಾಗಿ ಸುಣ್ಣ ಬಳಿದ ಖಾಲಿ ಗೋಡೆ, ಮೂಲೆಯಲ್ಲಿ ಅವಳೇ ಸಿಕ್ಕಿಸಿದ ನವಿಲುಗರಿ. ನಾನು ಮೇಜಿನ ಮೇಲೆ ಬೆರಳು ತಟ್ಟಿ, ಪೆನ್ನಿಗೆ ಮುಚ್ಚಳ ಹಾಕಿ, ಕನ್ನಡಕ ಏರಿಸಿಕೊಂಡು, ಮೊದಲನೆಯ ಪುಟದ ಮೊದಲನೆಯ ಸಾಲನ್ನು ಅವಳಿಗೆ ಮನೆಗನ್ನಡದಲ್ಲಿ ಗಟ್ಟಿಯಾಗಿ ಹೇಳತೊಡಗಿದೆ.